ಐವಿಎಫ್ ಕೇಳಿ ಬಂದವರಿಗೆ ಬಾಡಿಗೆ ತಾಯಿ: ಹೈದರಾಬಾದ್ ‘ಸೃಷ್ಟಿ’ ಪ್ರಕರಣ ಹೇಳುವುದೇನು?

ಹೈದರಾಬಾದ್: ರಾಜಸ್ಥಾನ ಮೂಲದ ದಂಪತಿ 2024ರ ಆಗಸ್ಟ್‌ನಲ್ಲಿ ಸಿಕಂದರಾಬಾದ್‌ನ ಯೂನಿವರ್ಸಲ್ ಸೃಷ್ಟಿ ಫರ್ಟಿಲಿಟಿ ಸೆಂಟರ್‌ಗೆ ಹೋಗಿದ್ದು ಐವಿಎಫ್ ಚಿಕಿತ್ಸೆ ಕೇಳಿಕೊಂಡು. ಅಲ್ಲಿ ಸಿಕ್ಕ ಸಲಹೆ ಬಾಡಿಗೆ ತಾಯ್ತನದ್ದು. ಒಪ್ಪಿಕೊಂಡ ದಂಪತಿ ಹಂತ ಹಂತವಾಗಿ ಸುಮಾರು 35 ಲಕ್ಷ ರೂಪಾಯಿ ಕಟ್ಟಿದರು. 2025ರ ಜೂನ್‌ನಲ್ಲಿ ವಿಶಾಖಪಟ್ಟಣದಲ್ಲಿ ಮಗು ಹುಟ್ಟಿದೆ ಎಂದು ಹೇಳಿ, ಅದನ್ನು ಅವರ ಕೈಗೆ ಕೊಡಲಾಯಿತು. ಅನುಮಾನ ಬಂದು ಡಿಎನ್‌ಎ ಪರೀಕ್ಷೆ ಮಾಡಿಸಿದಾಗ ಮಗು ಅವರದ್ದಲ್ಲ ಎಂಬುದು ಗೊತ್ತಾಯಿತು.

ಗೋಪಾಲಪುರಂ ಠಾಣೆಗೆ ದೂರು ಹೋಯಿತು. ಜುಲೈ ಕೊನೆಯ ವಾರ ಕೇಂದ್ರ ನಡೆಸುತ್ತಿದ್ದ ವೈದ್ಯೆ ಸೇರಿ ಹಲವರ ಬಂಧನವಾಯಿತು. ಪೊಲೀಸರ ಪ್ರಕಾರ ಈ ಪ್ರಕರಣದಲ್ಲಿ ಬಾಡಿಗೆ ತಾಯಿ ಎಂಬವಳೇ ಇರಲಿಲ್ಲ. ಅಸ್ಸಾಂ ಮೂಲದ ಬಡ ದಂಪತಿಗೆ 90 ಸಾವಿರ ರೂಪಾಯಿ ಕೊಟ್ಟು ಅವರ ನವಜಾತ ಶಿಶುವನ್ನು ಪಡೆದು, ಅದನ್ನೇ ‘ನಿಮ್ಮ ಮಗು’ ಎಂದು ಒಪ್ಪಿಸಲಾಗಿತ್ತು. ಕೇಂದ್ರದ ಪರವಾನಗಿ 2021ರಲ್ಲೇ ಮುಗಿದಿತ್ತು ಎಂದೂ ತನಿಖಾಧಿಕಾರಿಗಳು ಹೇಳಿದರು. ಆಮೇಲೆ ಪ್ರಕರಣ ವಿಶೇಷ ತನಿಖಾ ತಂಡಕ್ಕೆ ಹೋಯಿತು, ಹಣದ ಜಾಡು ಹಿಡಿದು ಜಾರಿ ನಿರ್ದೇಶನಾಲಯವೂ ಶೋಧ ನಡೆಸಿತು. ಇವೆಲ್ಲ ಆರೋಪಗಳು, ತೀರ್ಮಾನ ನ್ಯಾಯಾಲಯದ್ದು. ಆದರೆ ಮಗುವಿಗಾಗಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುತ್ತಿರುವ ಸಾವಿರಾರು ಮನೆಗಳಿಗೆ ತೀರ್ಪಿನವರೆಗೆ ಕಾಯುವ ವ್ಯವಧಾನವಿಲ್ಲ. ಅವರಿಗೆ ಬೇಕಿರುವುದು ಒಂದು ಪ್ರಶ್ನೆಗೆ ಉತ್ತರ: ಐವಿಎಫ್ ಕೇಳಿಕೊಂಡು ಹೋದವರು ನೇರವಾಗಿ ಬಾಡಿಗೆ ತಾಯ್ತನಕ್ಕೆ ಹೋಗಿ ನಿಂತದ್ದು ಹೇಗೆ?

ಕನ್ನಡಿಗರಿಗೂ ಇದು ದೂರದ ಸುದ್ದಿಯಲ್ಲ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು ಜಿಲ್ಲೆಗಳಲ್ಲಿ ‘ದೊಡ್ಡ ಆಸ್ಪತ್ರೆ’ ಎಂದರೆ ಎಷ್ಟೋ ಜನರಿಗೆ ಬೆಂಗಳೂರಿಗಿಂತ ಮೊದಲು ನೆನಪಾಗುವುದು ಹೈದರಾಬಾದ್. ಬೆಳಗಿನ ರೈಲು ಹಿಡಿದರೆ ಮಧ್ಯಾಹ್ನದೊಳಗೆ ವೈದ್ಯರ ಎದುರು ಕೂರಬಹುದು. ಹೆರಿಗೆ, ಹೃದಯ, ಕ್ಯಾನ್ಸರ್ ಚಿಕಿತ್ಸೆಯಂತೆ ಮಕ್ಕಳಾಗದ ಚಿಕಿತ್ಸೆಗೂ ಅದೇ ದಾರಿ. ಊರಿನಲ್ಲಿ ಯಾರಿಗೂ ಗೊತ್ತಾಗದೆ ಹೋಗಿ ಬರಬಹುದು ಎಂಬುದು ಈ ಚಿಕಿತ್ಸೆಗೆ ಮಾತ್ರ ಸೇರುವ ಇನ್ನೊಂದು ಕಾರಣ.

ಕಾನೂನು ಇಟ್ಟ ಬಾಗಿಲುಗಳು

ಸಂತಾನ ಚಿಕಿತ್ಸೆಗೆ ದೇಶದಲ್ಲಿ ಎರಡು ಕಾಯ್ದೆಗಳಿವೆ: 2021ರ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ (ಎಆರ್‌ಟಿ) ಕಾಯ್ದೆ ಮತ್ತು ಅದೇ ವರ್ಷದ ಬಾಡಿಗೆ ತಾಯ್ತನ ನಿಯಂತ್ರಣ ಕಾಯ್ದೆ. ಎರಡೂ ಜಾರಿಗೆ ಬಂದದ್ದು 2022ರ ಜನವರಿ 25ರಂದು. ಬಾಡಿಗೆ ತಾಯ್ತನ ಈಗ ಪರೋಪಕಾರದ ನೆಲೆಯಲ್ಲಿ ಮಾತ್ರ ಸಾಧ್ಯ. ವೈದ್ಯಕೀಯ ವೆಚ್ಚ, ವಿಮೆ ಮುಂತಾದ ನಿಗದಿತ ಖರ್ಚು ಬಿಟ್ಟರೆ ತಾಯಿಗೆ ಸಂಭಾವನೆ ಕೊಡುವಂತಿಲ್ಲ. ದಲ್ಲಾಳಿಯನ್ನು ಇಟ್ಟುಕೊಂಡು ಮಹಿಳೆಯನ್ನು ಹುಡುಕುವುದೇ ಅಪರಾಧ. ಹಾಗಾಗಿ ‘ಇಷ್ಟು ಲಕ್ಷ ಕೊಡಿ, ತಾಯಿಯನ್ನು ನಾವು ನೋಡಿಕೊಳ್ಳುತ್ತೇವೆ’ ಎಂಬ ಮಾತು ಯಾವ ಆಸ್ಪತ್ರೆಯಲ್ಲಿ ಕೇಳಿಬಂದರೂ ಅಲ್ಲಿಂದ ಎದ್ದು ಬರಲು ಅಷ್ಟೇ ಸಾಕು.

ಕಾಯ್ದೆಯಂತೆ ನಡೆದರೆ ದಂಪತಿ ಎಷ್ಟು ಬಾಗಿಲು ದಾಟಬೇಕು ನೋಡಿ. ಬಾಡಿಗೆ ತಾಯ್ತನ ವೈದ್ಯಕೀಯವಾಗಿ ಅನಿವಾರ್ಯ ಎಂದು ಜಿಲ್ಲಾ ವೈದ್ಯಕೀಯ ಮಂಡಳಿ ಪ್ರಮಾಣಪತ್ರ ಕೊಡಬೇಕು. ಗರ್ಭಕೋಶ ಇಲ್ಲದಿರುವುದು ಅಥವಾ ಅದರಲ್ಲಿ ಗಂಭೀರ ತೊಂದರೆ, ಐವಿಎಫ್ ಹಲವು ಬಾರಿ ವಿಫಲವಾಗಿರುವುದು, ಗರ್ಭಪಾತಗಳು ಮರುಕಳಿಸುವುದು, ಗರ್ಭ ಧರಿಸಿದರೆ ಜೀವಕ್ಕೇ ಅಪಾಯ ತರುವ ಕಾಯಿಲೆ – ಇಂಥ ಕಾರಣಗಳಿಗೆ ಮಾತ್ರ ಅದು ಸಿಗುತ್ತದೆ. ಮಗುವಿನ ಪಾಲನೆ ಯಾರದ್ದೆಂದು ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ ಅಥವಾ ಅದಕ್ಕಿಂತ ಮೇಲಿನ ನ್ಯಾಯಾಲಯದ ಆದೇಶ ಬೇಕು. ಬಾಡಿಗೆ ತಾಯಿಗೆ 36 ತಿಂಗಳ ವಿಮೆ ಮಾಡಿಸಬೇಕು. ಆಕೆ 25ರಿಂದ 35ರ ವಯಸ್ಸಿನವಳಾಗಿರಬೇಕು, ಮದುವೆಯಾಗಿ ಸ್ವಂತ ಮಗು ಇರಬೇಕು, ಜೀವನದಲ್ಲಿ ಒಮ್ಮೆ ಮಾತ್ರ ಬಾಡಿಗೆ ತಾಯಿಯಾಗಬಹುದು. ಅಪಾಯಗಳನ್ನು ಆಕೆಗೆ ವಿವರಿಸಿ, ಆಕೆಗೆ ಅರ್ಥವಾಗುವ ಭಾಷೆಯಲ್ಲಿ ಲಿಖಿತ ಒಪ್ಪಿಗೆ ಪಡೆಯಬೇಕು. ದಂಪತಿಗೂ ವಯೋಮಿತಿ ಇದೆ: ಹೆಂಡತಿಗೆ 23ರಿಂದ 50, ಗಂಡನಿಗೆ 26ರಿಂದ 55.

ಈ ಕಾಗದಗಳಲ್ಲಿ ಹೆಚ್ಚಿನವು ಆಸ್ಪತ್ರೆಯ ಕಪಾಟಿನಲ್ಲಿ ಹುಟ್ಟುವಂಥವಲ್ಲ. ದಂಪತಿಯೇ ಮಂಡಳಿಯ ಮುಂದೆ ಹೋಗಬೇಕು, ಬಾಡಿಗೆ ತಾಯಿಯೊಂದಿಗೆ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕು, ವಿಮೆ ಕೊಳ್ಳಬೇಕು. ಅಂದರೆ ಬಾಡಿಗೆ ತಾಯಿಯ ಹೆಸರೂ ಮುಖವೂ ಗೊತ್ತಿಲ್ಲದೆ ಕಾನೂನುಬದ್ಧವಾಗಿ ಒಂದು ಹೆಜ್ಜೆಯೂ ಮುಂದೆ ಹೋಗದು. ಮೋಸ ನಡೆಯುವ ಕಡೆ ಮೊದಲು ಕೇಳಿಬರುವ ಭರವಸೆಯೇ ‘ಕಾಗದಪತ್ರದ ತಲೆಬಿಸಿ ನಿಮಗೆ ಬೇಡ’ ಎಂಬುದು. ವರ್ಷಗಟ್ಟಲೆ ದಣಿದವರಿಗೆ ಅದು ಉಪಕಾರದಂತೆ ಕೇಳಿಸುತ್ತದೆ.

ಹೈದರಾಬಾದ್‌ಗೆ ಈ ವ್ಯವಹಾರ ಹೊಸದಲ್ಲ. 2017ರ ಜೂನ್‌ನಲ್ಲಿ ಬಂಜಾರಾ ಹಿಲ್ಸ್‌ನ ಒಂದು ಆಸ್ಪತ್ರೆಯ ಮೇಲೆ ದಾಳಿ ನಡೆದಾಗ 46 ಬಾಡಿಗೆ ತಾಯಂದಿರು ಒಂದೇ ಕಡೆ ಪತ್ತೆಯಾಗಿದ್ದರು. ಆಗ ಹಣಕ್ಕೆ ಗರ್ಭ ಹೊರುವುದನ್ನು ತಡೆಯುವ ಕಾಯ್ದೆಯೇ ಇರಲಿಲ್ಲ. ‘ಸೃಷ್ಟಿ’ ಸುದ್ದಿಯ ಬೆನ್ನಿಗೇ, 2025ರ ಆಗಸ್ಟ್‌ನಲ್ಲಿ, ಮೇಡ್ಚಲ್ ಭಾಗದಲ್ಲಿ ಇನ್ನೊಂದು ಅಕ್ರಮ ಬಾಡಿಗೆ ತಾಯ್ತನದ ಜಾಲ ಬಯಲಾಯಿತು. ನಿಷೇಧ ಬಂದಾಗ ಬೇಡಿಕೆ ಮಾಯವಾಗುವುದಿಲ್ಲ. ಪರೋಪಕಾರಕ್ಕಾಗಿ ಒಂಬತ್ತು ತಿಂಗಳು ಹೊರಲು ಮುಂದೆ ಬರುವ ಮಹಿಳೆಯರು ಬೆರಳೆಣಿಕೆಯಷ್ಟು. ಬೇಕೆನ್ನುವವರ ಸಾಲು ಉದ್ದ. ನಡುವಿನ ಜಾಗಕ್ಕೆ ದಲ್ಲಾಳಿ ಬಂದು ಕೂರುತ್ತಾನೆ. ಸಿಕಂದರಾಬಾದ್‌ನ ಆರೋಪ ನಿಜವಾದರೆ ಅದು ಇನ್ನೂ ಒಂದು ಹೆಜ್ಜೆ ಮುಂದಿನದು: ಗರ್ಭವನ್ನು ಬಾಡಿಗೆಗೆ ಪಡೆಯುವುದಕ್ಕಿಂತ ಹುಟ್ಟಿದ ಮಗುವನ್ನೇ ತರುವುದು ಸುಲಭ, ಅಗ್ಗ. 90 ಸಾವಿರಕ್ಕೂ 35 ಲಕ್ಷಕ್ಕೂ ನಡುವಿನ ಅಂತರವೇ ಈ ದಂಧೆಯ ಲೆಕ್ಕ.

ಮೊದಲ ಪರೀಕ್ಷೆ ಯಾರಿಗೆ?

ಈಗ ಮೊದಲಿನ ಪ್ರಶ್ನೆಗೆ ಬರೋಣ. ಮಕ್ಕಳಾಗದವರ ಚಿಕಿತ್ಸೆಗೆ ಒಂದು ಏಣಿಯಿದೆ. ಬಾಡಿಗೆ ತಾಯ್ತನ ಅದರ ಕೊನೆಯ ಮೆಟ್ಟಿಲು. ಹೆಚ್ಚಿನವರಿಗೆ ಅಲ್ಲಿಯವರೆಗೆ ಏರುವ ಅಗತ್ಯವೇ ಬರುವುದಿಲ್ಲ.

ಗರ್ಭನಿರೋಧಕ ಬಳಸದೆ 12 ತಿಂಗಳು ಪ್ರಯತ್ನಿಸಿಯೂ ಗರ್ಭ ನಿಲ್ಲದಿದ್ದರೆ ಅದನ್ನು ಬಂಜೆತನ ಎಂದು ವೈದ್ಯರು ಪರಿಗಣಿಸುತ್ತಾರೆ. ಮಹಿಳೆಗೆ 35 ದಾಟಿದ್ದರೆ ಆರು ತಿಂಗಳಿಗೇ ವೈದ್ಯರನ್ನು ಕಾಣುವುದು ಒಳ್ಳೆಯದು. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದಂತೆ ಜಗತ್ತಿನ ವಯಸ್ಕರಲ್ಲಿ ಆರರಲ್ಲಿ ಒಬ್ಬರು ಜೀವನದ ಒಂದಲ್ಲ ಒಂದು ಹಂತದಲ್ಲಿ ಇದನ್ನು ಎದುರಿಸುತ್ತಾರೆ. ಇಷ್ಟು ಸಾಮಾನ್ಯವಾದ ತೊಂದರೆಗೆ ಕನ್ನಡದಲ್ಲಿ ‘ಬಂಜೆ’ ಎಂಬ ಬೈಗುಳದಿಂದಲೇ ಹುಟ್ಟಿದ ಪದ ಉಳಿದಿದೆ. ಅದೂ ಹೆಣ್ಣಿಗೆ ಮಾತ್ರ ಅಂಟುವ ಪದ.

ಚಿಕಿತ್ಸೆ ದಾರಿ ತಪ್ಪುವುದೂ ಇಲ್ಲಿಂದಲೇ. ಮಕ್ಕಳಾಗದಿದ್ದರೆ ಸೊಸೆಗೆ ಸ್ಕ್ಯಾನಿಂಗ್, ಸೊಸೆಗೆ ಹಾರ್ಮೋನ್ ಪರೀಕ್ಷೆ, ಸೊಸೆಗೆ ಹರಕೆ. ವರ್ಷ ಎರಡು ವರ್ಷ ಹೀಗೆ ಕಳೆದ ಮೇಲೆ ಯಾರಾದರೂ ಒತ್ತಾಯಿಸಿದಾಗ ಮಗನ ವೀರ್ಯ ಪರೀಕ್ಷೆ. ವಾಸ್ತವದಲ್ಲಿ ಸುಮಾರು ಅರ್ಧದಷ್ಟು ಪ್ರಕರಣಗಳಲ್ಲಿ ಗಂಡಿನ ಕಡೆಯ ಕಾರಣವೂ ಸೇರಿರುತ್ತದೆ. ಇರುವ ಪರೀಕ್ಷೆಗಳಲ್ಲಿ ಅತ್ಯಂತ ಸರಳವಾದದ್ದು, ಕಡಿಮೆ ಖರ್ಚಿನದ್ದು, ನೋವಿಲ್ಲದ್ದು ಗಂಡಿನ ಪರೀಕ್ಷೆಯೇ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿ ಮಿಲಿಲೀಟರ್‌ಗೆ 1.6 ಕೋಟಿ ವೀರ್ಯಾಣುಗಳನ್ನು ಕೆಳಗಿನ ಮಿತಿಯಾಗಿ ಕೊಡುತ್ತದೆ. ಅದಕ್ಕಿಂತ ಕಡಿಮೆ ಬಂದ ಮಾತ್ರಕ್ಕೆ ಎಲ್ಲವೂ ಮುಗಿಯಿತು ಎಂದಲ್ಲ. ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳಿನಷ್ಟು ಕಾಲ ಬೇಕು. ಜ್ವರ ಬಂದು ಹೋದ ಮೇಲೆ ಮಾಡಿಸಿದ ವರದಿ ಕೆಟ್ಟದಾಗಿಯೇ ಬರಬಹುದು, ಹಾಗಾಗಿ ಒಂದು ವರದಿ ನೋಡಿ ಯಾವ ತೀರ್ಮಾನಕ್ಕೂ ಬರುವಂತಿಲ್ಲ. ತಂಬಾಕು, ಕುಡಿತ, ಬೊಜ್ಜು, ವೃಷಣದ ಬಳಿ ಉಬ್ಬಿದ ರಕ್ತನಾಳ ಇವೆಲ್ಲ ಕಾರಣಗಳು. ಈಚೆಗೆ ಸೇರಿಕೊಂಡದ್ದು ಮೈಕಟ್ಟು ಬೆಳೆಸಲು ತೆಗೆದುಕೊಳ್ಳುವ ಟೆಸ್ಟೊಸ್ಟೆರಾನ್ ಇಂಜೆಕ್ಷನ್. ಗಂಡಸುತನದ ಔಷಧ ಎಂದು ನಂಬಿ ಚುಚ್ಚಿಸಿಕೊಳ್ಳುವ ಆ ಹಾರ್ಮೋನ್ ವೀರ್ಯಾಣು ಉತ್ಪತ್ತಿಯನ್ನೇ ನಿಲ್ಲಿಸಬಲ್ಲದು. ನಿಲ್ಲಿಸಿದರೆ ಅನೇಕರಲ್ಲಿ ತಿಂಗಳುಗಳ ನಂತರ ಉತ್ಪತ್ತಿ ಮರಳುತ್ತದೆ. ಇದನ್ನು ಕೇಳದೆಯೇ ಐವಿಎಫ್ ಬರೆದುಕೊಟ್ಟರೆ ಲಕ್ಷಾಂತರ ರೂಪಾಯಿ ವ್ಯರ್ಥ.

ಹೆಣ್ಣಿನ ಕಡೆ ಹೆಚ್ಚಾಗಿ ಕಾಣುವುದು ಪಿಸಿಒಎಸ್, ಅಂದರೆ ಅಂಡಾಣು ಸರಿಯಾದ ಕಾಲಕ್ಕೆ ಬಿಡುಗಡೆಯಾಗದಿರುವುದು. ತೂಕ ಇಳಿಸಿ ಲೆಟ್ರೊಜೋಲ್‌ನಂಥ ಮಾತ್ರೆ ತೆಗೆದುಕೊಂಡೇ ತಾಯಿಯಾದವರು ಇದರಲ್ಲಿ ಬೇಕಾದಷ್ಟಿದ್ದಾರೆ. ಥೈರಾಯ್ಡ್ ಏರುಪೇರು ಇನ್ನೊಂದು. ಎರಡೂ ಕಡೆಯ ಟ್ಯೂಬ್ ಮುಚ್ಚಿದ್ದರೆ ಮಾತ್ರ ಕಥೆ ಬೇರೆ. ನಮ್ಮ ದೇಶದಲ್ಲಿ ಅದಕ್ಕೊಂದು ದೊಡ್ಡ ಕಾರಣ ಜನನಾಂಗದ ಕ್ಷಯ. ಕೆಮ್ಮಿಲ್ಲ, ಜ್ವರವಿಲ್ಲ, ಸದ್ದಿಲ್ಲದೆ ಟ್ಯೂಬ್ ಹಾಳು ಮಾಡಿರುತ್ತದೆ. ಅಂಥವರಿಗೆ ಮಾತ್ರೆಯ ಮೇಲೆ ಮಾತ್ರೆ ಕೊಟ್ಟು ಕಾಲ ಕಳೆಯುವುದೂ ಅನ್ಯಾಯವೇ, ಏಕೆಂದರೆ ಅವರಿಗೆ ಐವಿಎಫ್ ಮೊದಲೇ ಬೇಕು. ಏಣಿ ಏರುವುದೆಂದರೆ ಎಲ್ಲರೂ ಎಲ್ಲ ಮೆಟ್ಟಿಲ ಮೇಲೂ ನಿಲ್ಲಬೇಕು ಎಂದಲ್ಲ. ಯಾವ ಮೆಟ್ಟಿಲು ಏಕೆ ಬಿಟ್ಟೆವು ಎಂಬುದಕ್ಕೆ ವೈದ್ಯರ ಬಳಿ ಉತ್ತರ ಇರಬೇಕು ಅಷ್ಟೆ.

ಮಾತ್ರೆಯ ನಂತರದ ಹಂತ ಐಯುಐ: ಗಂಡನ ವೀರ್ಯವನ್ನು ಸಂಸ್ಕರಿಸಿ ನೇರವಾಗಿ ಗರ್ಭಕೋಶಕ್ಕೆ ಸೇರಿಸುವುದು. ಖರ್ಚು ಕೆಲವು ಸಾವಿರಗಳಲ್ಲಿ ಮುಗಿಯುತ್ತದೆ, ಫಲವೂ ಮಿತವೇ – ಒಂದು ಸುತ್ತಿಗೆ ಹೆಚ್ಚುಕಡಿಮೆ ಹತ್ತರಲ್ಲಿ ಒಬ್ಬರಿಗೆ. ಅದಾದ ಮೇಲೆ ಐವಿಎಫ್, ವೀರ್ಯಾಣು ತೀರಾ ಕಡಿಮೆ ಇದ್ದಾಗ ಒಂದೇ ವೀರ್ಯಾಣುವನ್ನು ಅಂಡಾಣುವಿನೊಳಗೆ ಚುಚ್ಚುವ ಇಕ್ಸಿ. 1978ರ ಜುಲೈನಲ್ಲಿ ಇಂಗ್ಲೆಂಡಿನಲ್ಲಿ ಮೊದಲ ಪ್ರನಾಳ ಶಿಶು ಹುಟ್ಟಿ ಎರಡೂವರೆ ತಿಂಗಳು ತುಂಬುವ ಮೊದಲೇ ಕೋಲ್ಕತ್ತದಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯ ಅದೇ ಸಾಧನೆ ಮಾಡಿದ್ದರು. ಅಂದಿನ ಸರ್ಕಾರ ಅವರನ್ನು ನಂಬಲಿಲ್ಲ, ಅವಮಾನ ತಾಳದೆ 1981ರಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. ಆಗ ನಿಜವಾದ ವಿಜ್ಞಾನಿಯನ್ನು ಅನುಮಾನಿಸಿದ ದೇಶದಲ್ಲಿ ಈಗ ಬೋರ್ಡ್ ಹಾಕಿಕೊಂಡವರನ್ನೆಲ್ಲ ನಂಬುವ ಸ್ಥಿತಿ ಇದೆ.

‘ಶೇ 80 ಯಶಸ್ಸು’ – ಯಾವುದರಲ್ಲಿ?

ರಸ್ತೆ ಬದಿಯ ಹೋರ್ಡಿಂಗ್‌ಗಳಲ್ಲಿ ಕಾಣುವ ಯಶಸ್ಸಿನ ಅಂಕಿಯನ್ನು ಓದುವಾಗ ಕೇಳಬೇಕಾದದ್ದು, ಯಾವುದಕ್ಕೆ ಯಶಸ್ಸು ಎನ್ನುತ್ತಿದ್ದಾರೆ ಎಂಬುದು. ರಕ್ತಪರೀಕ್ಷೆ ಪಾಸಿಟಿವ್ ಬಂದದ್ದೇ? ಸ್ಕ್ಯಾನಿನಲ್ಲಿ ಹೃದಯಬಡಿತ ಕಂಡದ್ದೇ? ಮಗು ಮನೆಗೆ ಬಂದದ್ದೇ? ಉದಾಹರಣೆಗೆ, 100 ಮಂದಿ ಇಂಜೆಕ್ಷನ್ ಆರಂಭಿಸಿದರು ಎನ್ನಿ. ಕೆಲವರಲ್ಲಿ ಅಂಡಾಣು ಸಿಗುವುದಿಲ್ಲ, ಕೆಲವರಲ್ಲಿ ಭ್ರೂಣ ಬೆಳೆಯುವುದಿಲ್ಲ, ಭ್ರೂಣ ವರ್ಗಾವಣೆಯಾದದ್ದು 70 ಮಂದಿಗೆ. ಅವರಲ್ಲಿ 35 ಮಂದಿಗೆ ಪಾಸಿಟಿವ್ ಬಂದರೆ ‘ಅರ್ಧಕ್ಕರ್ಧ ಯಶಸ್ಸು’ ಎನ್ನಬಹುದು. ಗರ್ಭಪಾತ ಕಳೆದು 26 ಮಕ್ಕಳು ಹುಟ್ಟಿದರೆ, ಮೊದಲ ದಿನ ಹಣ ಕಟ್ಟಿದವರ ಲೆಕ್ಕದಲ್ಲಿ ಅದು ನೂರಕ್ಕೆ 26.

ಬ್ರಿಟನ್‌ನಲ್ಲಿ ಇಂಥ ಲೆಕ್ಕವನ್ನು ನಿಯಂತ್ರಣ ಸಂಸ್ಥೆಯೇ ಪ್ರಕಟಿಸುತ್ತದೆ. ಅಲ್ಲಿನ 2022ರ ಅಂಕಿಅಂಶದಂತೆ 18ರಿಂದ 34 ವರ್ಷದವರಲ್ಲಿ ವರ್ಗಾಯಿಸಿದ ಪ್ರತಿ 100 ಭ್ರೂಣಕ್ಕೆ ಸುಮಾರು 35 ಜೀವಂತ ಜನನ. 43–44 ವರ್ಷದವರಲ್ಲಿ ಸುಮಾರು 5. ಕಾರಣ ಸರಳ: ಅಂಡಾಣುವಿನ ವಯಸ್ಸನ್ನು ಪ್ರಯೋಗಾಲಯ ಹಿಂದಕ್ಕೆ ತಿರುಗಿಸಲಾರದು. ನಲವತ್ತು ದಾಟಿದವರಿಗೆ ‘ಗ್ಯಾರಂಟಿ ಪ್ಯಾಕೇಜ್’ ಕೊಡುವ ಕೇಂದ್ರ ಬಹುತೇಕ ದಾನಿಯ ಅಂಡಾಣುವಿನ ಲೆಕ್ಕದಲ್ಲಿ ಮಾತಾಡುತ್ತಿರುತ್ತದೆ. ಅದು ತಪ್ಪಲ್ಲ, ಆದರೆ ದಂಪತಿಗೆ ಮೊದಲೇ ಹೇಳಿರಬೇಕು. ದಾನಿಯ ಅಂಡಾಣು ನೋಂದಾಯಿತ ಬ್ಯಾಂಕಿನ ಮೂಲಕವೇ ಬರಬೇಕು, ದಾನಿ 23ರಿಂದ 35 ವಯಸ್ಸಿನೊಳಗಿರಬೇಕು, ಜೀವನದಲ್ಲಿ ಒಮ್ಮೆ ಮಾತ್ರ ಕೊಡಬಹುದು ಎಂದು ಎಆರ್‌ಟಿ ಕಾಯ್ದೆ ಹೇಳುತ್ತದೆ. ಯಶಸ್ಸಿನ ಸಾಧ್ಯತೆ, ವೆಚ್ಚ, ಅಡ್ಡಪರಿಣಾಮಗಳನ್ನು ವಿವರಿಸಿ ಹೇಳುವುದು, ದೂರು ಕೇಳುವ ವ್ಯವಸ್ಥೆ ಇಡುವುದು, ಮಾಡಿದ ಚಿಕಿತ್ಸೆಯ ವಿವರವಿರುವ ಡಿಸ್ಚಾರ್ಜ್ ಪತ್ರ ಕೊಡುವುದು ಅದೇ ಕಾಯ್ದೆಯಡಿ ಕೇಂದ್ರದ ಕರ್ತವ್ಯ. ಆ ಪತ್ರ ಕೇಳಿ ಪಡೆಯುವವರು ಎಷ್ಟು ಮಂದಿ? ಎರಡನೇ ವೈದ್ಯರ ಅಭಿಪ್ರಾಯ ಪಡೆಯಲು ಅದೊಂದೇ ದಾರಿ. ಅದಿಲ್ಲದೆ ಹೊಸ ಆಸ್ಪತ್ರೆಗೆ ಹೋದವರು ಮತ್ತೆ ಮೊದಲ ಪರೀಕ್ಷೆಯಿಂದಲೇ ಬಿಲ್ ಕಟ್ಟುತ್ತಾರೆ.

ಮಕ್ಕಳು ಬೇಕೆನ್ನುವ ಸರ್ಕಾರಗಳು

ಔಷಧಿ ಸೇರಿ ಐವಿಎಫ್‌ನ ಒಂದು ಸುತ್ತಿಗೆ ಖಾಸಗಿಯಲ್ಲಿ ಒಂದೂವರೆಯಿಂದ ಎರಡೂವರೆ ಲಕ್ಷ ರೂಪಾಯಿ ಸಾಮಾನ್ಯ. ಒಂದೇ ಸುತ್ತಿಗೆ ಫಲಿಸುವುದು ಕೆಲವರಿಗಷ್ಟೆ. ಆಯುಷ್ಮಾನ್ ಭಾರತ್ ಯೋಜನೆ ಸಂತಾನ ಚಿಕಿತ್ಸೆಯನ್ನು ಹೊರಗಿಟ್ಟಿದೆ, ಹೆಚ್ಚಿನ ಖಾಸಗಿ ವಿಮೆಗಳದ್ದೂ ಅದೇ ನಿಲುವು. ಹೊಲ ಮಾರಿ, ಒಡವೆ ಅಡವಿಟ್ಟು ಬಂದವರಿಗೆ ಎರಡನೇ ಸುತ್ತಿಗೆ ಕೈಯಲ್ಲಿ ಕಾಸಿರುವುದಿಲ್ಲ. ಅವರ ಕಿವಿಗೆ ‘ಖಚಿತವಾಗಿ ಮಗು ಸಿಗುವ’ ದಾರಿಯ ಮಾತು ಬೀಳುವುದು ಆ ಹೊತ್ತಿನಲ್ಲೇ.

ವಿಚಿತ್ರವೆಂದರೆ ದಕ್ಷಿಣದ ರಾಜಕಾರಣಿಗಳು ಈಗ ಹೆಚ್ಚು ಮಕ್ಕಳ ಮಾತಾಡುತ್ತಿದ್ದಾರೆ. 2024ರ ಅಕ್ಟೋಬರ್‌ನಲ್ಲಿ ಆಂಧ್ರದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು, ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದ ಎಂ.ಕೆ. ಸ್ಟಾಲಿನ್ ಇಬ್ಬರೂ ಅದನ್ನೇ ಹೇಳಿದರು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ಒಟ್ಟು ಫಲವಂತಿಕೆ ದರ ತೆಲಂಗಾಣದಲ್ಲಿ 1.8, ಕರ್ನಾಟಕದಲ್ಲಿ 1.7 ಇತ್ತು, ಜನಸಂಖ್ಯೆ ಸ್ಥಿರವಾಗಿರಲು ಬೇಕಾದದ್ದು 2.1. ಕ್ಷೇತ್ರ ಮರುವಿಂಗಡಣೆಯ ಆತಂಕದಲ್ಲಿ ಈ ಅಂಕಿ ಎಲ್ಲರ ಬಾಯಲ್ಲಿದೆ. ಆದರೆ ಮಗು ಬೇಕೆಂದು ಈಗಾಗಲೇ ಸಾಲದಲ್ಲಿ ಮುಳುಗಿರುವವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಏನಿದೆ ಎಂಬುದು ವೇದಿಕೆಯ ಭಾಷಣಕ್ಕೆ ಬರುವುದಿಲ್ಲ. ಸಿಕಂದರಾಬಾದ್‌ನ ಸರ್ಕಾರಿ ಗಾಂಧಿ ಆಸ್ಪತ್ರೆಯಲ್ಲಿ ಐವಿಎಫ್ ಕೇಂದ್ರ ಉದ್ಘಾಟನೆಯಾದದ್ದು 2023ರ ಅಕ್ಟೋಬರ್‌ನಲ್ಲಿ. ಭ್ರೂಣತಜ್ಞರ, ಪರಿಕರಗಳ ಕೊರತೆಯಿಂದ ಐವಿಎಫ್ ಸೇವೆ ತಕ್ಷಣ ಆರಂಭವಾಗಲಿಲ್ಲ. ಅದೇ ವರ್ಷ ಗೋವಾ ತನ್ನ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಉಚಿತ ಐವಿಎಫ್ ಪ್ರಾರಂಭಿಸಿತು. ಚಿಕ್ಕ ರಾಜ್ಯಕ್ಕೆ ಸಾಧ್ಯವಾದದ್ದು ದೊಡ್ಡ ರಾಜ್ಯಗಳಲ್ಲಿ ಜಿಲ್ಲೆಗೊಂದರಂತೆ ಆಗದಿರಬಹುದು. ಆದರೆ ವೀರ್ಯ ಪರೀಕ್ಷೆ, ಹಾರ್ಮೋನ್ ಪರೀಕ್ಷೆ, ಟ್ಯೂಬ್ ಎಕ್ಸ್‌ರೇ, ಐಯುಐ ಇವಿಷ್ಟು ಜಿಲ್ಲಾಸ್ಪತ್ರೆಯಲ್ಲೇ ಸಿಕ್ಕರೆ ಏಣಿಯ ಕೆಳಗಿನ ಮೆಟ್ಟಿಲುಗಳಾದರೂ ಖಾಸಗಿ ಕೈಯಿಂದ ಹೊರಬರುತ್ತವೆ. ಬೀದರ್‌ನ ದಂಪತಿ ಹೈದರಾಬಾದ್ ರೈಲು ಹತ್ತುವ ಮೊದಲೇ ತಮ್ಮ ತೊಂದರೆ ಏನೆಂದು ತಿಳಿದಿರುತ್ತಾರೆ.

ಕಾನೂನಿನ ಕಡೆಯೂ ಸ್ವಲ್ಪ ಸಡಿಲಿಕೆ ಬಂದಿದೆ. 2023ರ ಮಾರ್ಚ್‌ನಲ್ಲಿ ಬಾಡಿಗೆ ತಾಯ್ತನಕ್ಕೆ ದಾನಿಯ ಅಂಡಾಣು, ವೀರ್ಯಾಣು ಬಳಸುವಂತಿಲ್ಲ ಎಂದಿದ್ದ ಕೇಂದ್ರ, ಮಹಿಳೆಯರು ಸುಪ್ರೀಂ ಕೋರ್ಟ್‌ಗೆ ಹೋದ ಮೇಲೆ 2024ರ ಫೆಬ್ರವರಿಯಲ್ಲಿ ನಿಯಮ ಬದಲಿಸಿತು. ಈಗ ಇಬ್ಬರಲ್ಲಿ ಒಬ್ಬರಿಗೆ ವೈದ್ಯಕೀಯ ತೊಂದರೆ ಇದ್ದರೆ, ಜಿಲ್ಲಾ ಮಂಡಳಿಯ ಒಪ್ಪಿಗೆಯೊಂದಿಗೆ, ಒಂದು ಕಡೆಯದು ದಾನಿಯದಾಗಬಹುದು. 2025ರ ಅಕ್ಟೋಬರ್‌ನಲ್ಲಿ ನ್ಯಾಯಮೂರ್ತಿಗಳಾದ ಬಿ.ವಿ. ನಾಗರತ್ನ ಮತ್ತು ಕೆ.ವಿ. ವಿಶ್ವನಾಥನ್ ಅವರ ಪೀಠ, ಕಾಯ್ದೆ ಬರುವ ಮೊದಲೇ ಭ್ರೂಣ ಶೈತ್ಯೀಕರಿಸಿ ಪ್ರಕ್ರಿಯೆ ಆರಂಭಿಸಿದ್ದವರಿಗೆ ವಯೋಮಿತಿ ಅನ್ವಯಿಸುವುದಿಲ್ಲ ಎಂದಿತು. ಇವು ಕೆಲವರಿಗೆ ಮಾತ್ರ ನೆರವಾಗುವ ಬದಲಾವಣೆಗಳು. ಬಾಡಿಗೆ ತಾಯಿಗೆ ನ್ಯಾಯಯುತ ಪರಿಹಾರ ಕೊಟ್ಟು ಸರ್ಕಾರವೇ ನಿಗಾ ವಹಿಸಬಹುದೇ ಎಂಬ ಮೂಲ ಚರ್ಚೆಯನ್ನು ಸಂಸತ್ತು ಮತ್ತೆ ಎತ್ತಿಕೊಂಡಿಲ್ಲ.

ದತ್ತು ದಾರಿಯೂ ಚಿಕ್ಕದಲ್ಲ. ಕೇಂದ್ರ ದತ್ತು ಪ್ರಾಧಿಕಾರ ‘ಕಾರಾ’ದಲ್ಲಿ ಹೆಸರು ನೋಂದಾಯಿಸಿದ ಮೇಲೆ ಆರೋಗ್ಯವಂತ ಎಳೆ ಶಿಶುವಿಗೆ ಮೂರು ವರ್ಷಕ್ಕಿಂತ ಹೆಚ್ಚು ಕಾಯಬೇಕಾಗಬಹುದು. ಆದರೆ ಅಲ್ಲಿ ಶುಲ್ಕ ನಿಗದಿತ, ಮಗು ಯಾರಿಂದಲೂ ಕಸಿದದ್ದಲ್ಲ. ಐವಿಎಫ್ ನಡೆಯುತ್ತಿರುವಾಗಲೇ ನೋಂದಾಯಿಸಿ ಸಾಲಿನಲ್ಲಿ ನಿಲ್ಲಲು ಅಡ್ಡಿಯಿಲ್ಲ ಎಂಬುದು ಎಷ್ಟೋ ದಂಪತಿಗೆ ತಿಳಿದಿಲ್ಲ. ಎಲ್ಲ ಚಿಕಿತ್ಸೆ ಸೋತ ಮೇಲೆ, ನಲವತ್ತೈದರ ಅಂಚಿನಲ್ಲಿ, ಆ ಸಾಲಿನ ಕೊನೆಗೆ ಬಂದು ನಿಲ್ಲುತ್ತಾರೆ. ಸಿಕಂದರಾಬಾದ್ ಪ್ರಕರಣದ ಶಿಶುವನ್ನು ಸಾಕಿಕೊಳ್ಳಲು ಬಂದವರಿಗೂ ಅದು ದಕ್ಕಲಿಲ್ಲ, ಹೆತ್ತವರೂ ಬಂಧಿತರಾದರು. ಅದು ಸರ್ಕಾರಿ ಶಿಶುವಿಹಾರದ ಆರೈಕೆಗೆ ಹೋಯಿತು.

ಪ್ರಕರಣ ಬಯಲಾದ ಮೇಲೆ ತೆಲಂಗಾಣ ಸರ್ಕಾರ ಸಂತಾನ ಚಿಕಿತ್ಸಾ ಕೇಂದ್ರಗಳ ತಪಾಸಣೆಗೆ ಆದೇಶಿಸಿತು. ನೋಂದಾಯಿತ ಕೇಂದ್ರಗಳ ಪಟ್ಟಿ ರಾಷ್ಟ್ರೀಯ ಎಆರ್‌ಟಿ ಮತ್ತು ಸರೊಗಸಿ ನೋಂದಣಿಯ ಜಾಲತಾಣದಲ್ಲಿದೆ. ಐಯುಐ ಮಾತ್ರ ಮಾಡುವ ಒಂದನೇ ಹಂತದ ಕ್ಲಿನಿಕ್, ಐವಿಎಫ್ ಮಾಡಬಲ್ಲ ಎರಡನೇ ಹಂತದ ಕ್ಲಿನಿಕ್, ಬಾಡಿಗೆ ತಾಯ್ತನದ ಕ್ಲಿನಿಕ್ ಮೂರಕ್ಕೂ ಬೇರೆ ಬೇರೆ ನೋಂದಣಿ ಬೇಕು. ಗೋಡೆಯ ಮೇಲೆ ತೂಗುಹಾಕಿದ ಪ್ರಮಾಣಪತ್ರದಲ್ಲಿ ನೋಡಬೇಕಾದದ್ದು ಯಾವ ಹಂತದ್ದು, ಯಾವ ದಿನಾಂಕದವರೆಗೆ ಎಂಬೆರಡು ವಿಷಯ. ನೋಂದಣಿಯ ಅವಧಿ ಎಆರ್‌ಟಿ ಕ್ಲಿನಿಕ್‌ಗಳಿಗೆ ಐದು ವರ್ಷ, ಬಾಡಿಗೆ ತಾಯ್ತನದ ಕ್ಲಿನಿಕ್‌ಗಳಿಗೆ ಮೂರು ವರ್ಷ. ಕಾಯ್ದೆ ಬಂದ ಹೊಸದರಲ್ಲಿ ಕೊಟ್ಟ ಎಆರ್‌ಟಿ ನೋಂದಣಿಗಳು 2027ರಿಂದ ನವೀಕರಣಕ್ಕೆ ಬರಲಿವೆ. ಮೊದಲ ದಿನ ಹಣ ಕಟ್ಟಿದ ನೂರು ಮಂದಿಯಲ್ಲಿ ಎಷ್ಟು ಮಂದಿಯ ಮನೆಗೆ ಮಗು ಬಂತು ಎಂಬ ಲೆಕ್ಕವನ್ನು ಪ್ರತಿ ಕೇಂದ್ರದಿಂದ ಪಡೆದು ಜನರ ಮುಂದಿಡಲು ರಾಜ್ಯಗಳ ಪ್ರಾಧಿಕಾರಗಳಿಗೆ ಅದೇ ಸಮಯ.